ಘರಪಟ್ಟಿ

ನಿಮ್ಮ ಊರು ಯಾವುದೆಂದು ಯಾರಾದರೂ ಕೇಳಿದರೆ ನಾನು ತುಸು ತಡವರಿಸುತ್ತೇನೆ. ಉಳಿದವರು ಒಂದು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರಕ್ಕೆ ನನಗೆ ಮೂರು ವಾಕ್ಯಗಳಾದರೂ ಬೇಕು. ಕೇಳಿದವರು ಬೆಂಗಳೂರಿನ ಕಡೆಯವರಾದರೆ "ಗೋಕಾಕ" ಎನ್ನುತ್ತೇನೆ. ಕೂಡಲೆ ಅವರು "ಓಹೋ, ಗೋಕಾಕ ಚಳವಳಿ!" ಎಂದು ತಲೆದೂಗುತ್ತಾರೆ. 1982ರ ಆ ಚಳವಳಿ ನಮ್ಮ ಗೋಕಾಕದಲ್ಲಿ ಹುಟ್ಟಿದುದಲ್ಲ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಮಣೆ ಇರಬೇಕೆಂದು ವರದಿ ಕೊಟ್ಟ ಸಮಿತಿಗೆ ವಿನಾಯಕ ಕೃಷ್ಣ ಗೋಕಾಕರು ಅಧ್ಯಕ್ಷರಾಗಿದ್ದರೆಂದು ಅದಕ್ಕೆ ಆ ಹೆಸರು. ಆ ಗೋಕಾಕರಾದರೂ ಹುಟ್ಟಿದ್ದು ಸವಣೂರಿನಲ್ಲಿ. ಇದನ್ನೆಲ್ಲ ವಿವರಿಸುತ್ತ ನಿಂತರೆ ಕೇಳಿದವರ ಬಸ್ಸು ಹೊರಟುಹೋದೀತು. ಧಾರವಾಡದ ಕಡೆಯವರಾದರೆ ಚಳವಳಿಯ ಗೊಡವೆಗೆ ಹೋಗುವುದಿಲ್ಲ, "ಹಂಗಾದ್ರ ಕರದಂಟು ಎಲ್ಲೈತ್ರಿ?" ಎಂದು ನನ್ನ ಕೈಚೀಲದ ಕಡೆ ನೋಡುತ್ತಾರೆ. ಕೇಳಿದವರು ಗೋಕಾಕದವರೇ ಆದರೆ ಮಾತ್ರ ನಿಜವಾದ ಊರಿನ ಹೆಸರು ಹೇಳಬೇಕಾಗುತ್ತದೆ. ಹೇಳಿದ ಮೇಲೆ ಅವರು, "ಹಾಂ, ಅದು ಈಗ ಮೂಡಲಗಿಗೆ ಹೋತಲ್ರಿ" ಎನ್ನುತ್ತಾರೆ.

ಹೋಯಿತೆಂದರೆ ಊರೇನೂ ಎದ್ದು ನಡೆದುಹೋಗಿಲ್ಲ. ಘಟಪ್ರಭೆಯ ದಂಡೆಯಲ್ಲಿ, ಕಬ್ಬಿನ ಹೊಲಗಳ ನಡುವೆ, ಇದ್ದಲ್ಲಿಯೇ ಇದೆ. ತಾಲೂಕು ಮಾತ್ರ ಬದಲಾಯಿತು. 2013ರ ಮುಂಗಡಪತ್ರದಲ್ಲಿ ಸರಕಾರ 43 ಹೊಸ ತಾಲೂಕುಗಳನ್ನು ಸಾರಿದಾಗ ಮೂಡಲಗಿಯ ಹೆಸರು ಅದರಲ್ಲಿತ್ತು. 2017ರಲ್ಲಿ ಪಟ್ಟಿ ಮತ್ತೆ ಹೊರಬಿದ್ದಾಗ ಆ ಹೆಸರು ಕಾಣಲಿಲ್ಲ. ಜನ ಬೀದಿಗಿಳಿದರು, ಹೆಸರು ಮರಳಿ ಬಂದಿತು. 2018ರಲ್ಲಿ ಹಳೆಯ ಗೋಕಾಕ ತಾಲೂಕಿನ ಒಂದು ಪಾಲು ಮೂಡಲಗಿ ತಾಲೂಕಾಯಿತು. ನನ್ನ ಹತ್ತನೆಯ ಇಯತ್ತೆಯ ಪ್ರಮಾಣಪತ್ರದಲ್ಲಿ ತಾಲೂಕು ಗೋಕಾಕ. ನಮ್ಮ ಅವ್ವನ ಮರಣದ ದಾಖಲೆಯಲ್ಲಿ ತಾಲೂಕು ಮೂಡಲಗಿ. ಒಂದು ಹೆಜ್ಜೆಯನ್ನೂ ಎತ್ತಿಡದೆ ತಾಲೂಕು ದಾಟಿದವರು ನಾವು.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ವಾಚಕರಲ್ಲಿ ಬಹುಮಂದಿಗೆ ಅದರ ಗುರುತು ಹತ್ತಲಿಕ್ಕಿಲ್ಲ. ಹತ್ತಿದವರು ನನ್ನನ್ನು ಸುಮ್ಮನೆ ಬಿಡಲಿಕ್ಕಿಲ್ಲ. ಊರು ಬಿಟ್ಟವರು ಊರನ್ನು ಹೆಸರಿಗೆ ಕಟ್ಟಿಕೊಂಡು ಹೋಗುವುದು ನಮ್ಮ ಕಡೆಯ ವಾಡಿಕೆ. ಬೆಟಗೇರಿ ಎಂಬ ಹಳ್ಳಿಯನ್ನು ನಾಡೆಲ್ಲ ಬಲ್ಲುದು ಆನಂದಕಂದ ಬೆಟಗೇರಿ ಕೃಷ್ಣಶರ್ಮರಿಂದ. ಕುಲಗೋಡ ಎಂದೊಡನೆ ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣ ನೆನಪಾಗುತ್ತಾನೆ. ಕೌಜಲಗಿ ಎಂದೊಡನೆ ಅದೇ ಆಟವನ್ನು ಊರೂರಿಗೆ ಕೊಂಡೊಯ್ದ ನಿಂಗಮ್ಮ. ಇವೆಲ್ಲ ಹಳೆಯ ಗೋಕಾಕ ತಾಲೂಕಿನ ಸಣ್ಣ ಊರುಗಳೇ. ನಮ್ಮೂರಿಗೆ ಅಂಥ ಭಾಗ್ಯವಿಲ್ಲ. ಅದರ ಹೆಸರು ಉಳಿದಿರುವುದು ಪಂಚಾಯತಿಯ ಪುಸ್ತಕಗಳಲ್ಲಿ, ಬಸ್ಸಿನ ಹಣೆಯ ಮೇಲೆ, ಮತ್ತು ನನ್ನಂಥ ಕೆಲವರ ಅಡ್ಡಹೆಸರಿನಲ್ಲಿ.

ಈ ಪೀಠಿಕೆಗೆ ಕಾರಣವಿದೆ. ಈಚೆಗೆ ನಾನು ಊರ ಮನೆಯನ್ನು ಮಾರಲು ಹೊರಟಿದ್ದೆ.

ಅಪ್ಪ ತೀರಿಕೊಂಡುದು 1998ರಲ್ಲಿ. ಅವ್ವ 2021ರ ಚಳಿಗಾಲದಲ್ಲಿ. ಅವಳು ಹೋದ ಮೇಲೆ ಮನೆಗೆ ಬೀಗ ಬಿದ್ದಿತು. ನಾನು ಗೋಕಾಕದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತ, ಸಾಲ ತೆಗೆದು ಕಟ್ಟಿಸಿದ ಮನೆಯಲ್ಲಿ ಇದ್ದೇನೆ. ಊರಿಗೆ ವರುಷಕ್ಕೊಮ್ಮೆ ಜಾತ್ರೆಗೆ ಹೋದರೆ ಹೋದೆ. ಮಾಳಿಗೆಯ ಮಣ್ಣು ಜಾರುತ್ತಿತ್ತು. ಹಿತ್ತಲಲ್ಲಿ ಆಳೆತ್ತರ ಕಸ ಬೆಳೆದಿತ್ತು. ಊರಿನವರೇ ಒಬ್ಬರು ಆ ಜಾಗದಲ್ಲಿ ತಗಡಿನ ಗೋದಾಮು ಹಾಕಬೇಕೆಂದು ಒಳ್ಳೆಯ ಬೆಲೆಗೆ ಕೇಳಿದರು. "ಬಿದ್ದು ಹೋಗೂಕಿಂತ ಮಾರೂದು ಚೊಲೊ" ಎಂದಳು ನನ್ನ ಹೆಂಡತಿ. ಲೆಕ್ಕ ಸರಿಯಾಗಿಯೇ ಇತ್ತು. ಸಾಲ ಒಂದಿಷ್ಟು ಹಗುರಾಗುತ್ತಿತ್ತು. ಮಾರಬೇಕಾದರೆ ಮನೆ ಮೊದಲು ನನ್ನ ಹೆಸರಿಗೆ ಆಗಬೇಕು. ಆಗಬೇಕಾದರೆ ಗ್ರಾಮ ಪಂಚಾಯತಿಗೆ ಅರ್ಜಿ ಕೊಟ್ಟು, ಘರಪಟ್ಟಿಯ ಬಾಕಿ ತೀರಿಸಿ, ಇ-ಸ್ವತ್ತಿನ ಉತಾರ ತೆಗೆಸಬೇಕು. ಒಂದು ದಿನದ ರಜೆ ಸಾಕೆಂದು ಎಣಿಸಿದ್ದೆ.

ಆ ದಿನಗಳಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ ಬಂದಿತು. ಪತ್ರವೆಂದರೆ ಅಂಚೆಯವನು ತಂದುದಲ್ಲ. ಮೊಬೈಲಿನಲ್ಲಿ ಉದ್ದಕ್ಕೆ ಬರೆದು ಕಳಿಸಿದುದು. ಹುಕ್ಕೇರಿ ತಾಲೂಕಿನ ಹುಡುಗ. ಈಗ ಕೆನಡಾದ ಸಸ್ಕ್ಯಾಚುವಾನ್ ಎಂಬ ಪ್ರಾಂತದಲ್ಲಿ, ಗೋಧಿಯ ಬಯಲಿನ ನಡುವೆ, ಕಾಳು ಕೊಳ್ಳುವ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾನೆ. ಊರು ಬಿಟ್ಟ ಮೇಲೆಯೇ ಅವನಿಗೆ ಕನ್ನಡದಲ್ಲಿ ಬರೆಯುವ ಚಟ ಹತ್ತಿತು. ನನ್ನ ತರಗತಿಯಲ್ಲಿ ಕೂತಾಗ ಅದರ ಸುಳಿವೂ ಇರಲಿಲ್ಲ. "ಸರ, ಇಲ್ಲಿ ಪಂಚಾಯತಿಗೆ ಹೆಸರಿನ ಜೋಡಿ ನಂಬರನೂ ಅದಾವ" ಎಂದು ಅವನ ಪತ್ರ ಆರಂಭವಾಗಿತ್ತು.

ಅವನು ಬರೆದುದನ್ನು ನಾನು ಆಮೇಲೆ ಓದಿಯೂ ನೋಡಿದೆ. ಆ ಪ್ರಾಂತದಲ್ಲಿ ಗ್ರಾಮೀಣ ಪಂಚಾಯತಿಯಂಥ 296 ಸಂಸ್ಥೆಗಳಿವೆ. ಮೋಜಣಿಯವರು ನೆಲವನ್ನು ಆರಾರು ಮೈಲಿನ ಚೌಕಗಳಾಗಿ ಹಾಸಂಗಿಯ ಪಟದಂತೆ ಗೆರೆ ಹೊಡೆದರು; ಅಂಥ ಒಂಬತ್ತು ಚೌಕಗಳು ಕೂಡಿದರೆ ಸಾಮಾನ್ಯವಾಗಿ ಒಂದು ಪಂಚಾಯತಿ. ಅಂದರೆ ಹದಿನೆಂಟು ಮೈಲು ಉದ್ದ, ಹದಿನೆಂಟು ಮೈಲು ಅಗಲ. ನಮ್ಮ ಕಡೆ ಅಷ್ಟು ನೆಲದಲ್ಲಿ ಒಂದು ತಾಲೂಕೇ ಕೂತು, ಲಕ್ಷಗಟ್ಟಲೆ ಜನ ತುಂಬಿಕೊಂಡಾರು. ಅಲ್ಲಿ ಎಷ್ಟೋ ಕಡೆ ಇರುವುದು ಕೆಲವು ನೂರು ಜನ. ಅವರೇ ತಮ್ಮೊಳಗೆ ಸದಸ್ಯರನ್ನು ಆರಿಸಿ, ಮೇಲೆ ಒಬ್ಬ ಯಜಮಾನನನ್ನು ಕೂರಿಸುತ್ತಾರೆ; ಅವನಿಗೆ ರೀವ್ ಎಂದು ಹೆಸರು. ರಸ್ತೆಗೆ ಜಲ್ಲಿ ಹಾಕುವುದು, ಹಿಮ ಸರಿಸುವುದು, ಕಟ್ಟೆ ಕಾಲುವೆ ನೋಡಿಕೊಳ್ಳುವುದು ಅವರ ಕೆಲಸ. ನಮ್ಮ ಕಾಯದೆಯಲ್ಲಿ ಸುಮಾರು ನಾನೂರು ಜನಕ್ಕೆ ಒಬ್ಬ ಗ್ರಾಮ ಪಂಚಾಯತಿ ಸದಸ್ಯ. ಅಲ್ಲಿ ನಾನೂರು ಜನಕ್ಕೆ ಒಂದು ಸರಕಾರ!

ಆದರೆ ಹುಡುಗ ಬರೆದುದು ಇದರ ಬೆರಗಿಗಲ್ಲ. ಆ ಬಯಲಿನ ಊರುಗಳು ರೈಲಿನ ಬೆನ್ನು ಹತ್ತಿ ಹುಟ್ಟಿದವು. ಪ್ರತಿ ಊರಿಗೂ ಕಟ್ಟಿಗೆಯ ಎತ್ತರವಾದ ಒಂದು ಕಾಳಿನ ಕಣಜ. ಅದರ ಮೈಮೇಲೆ ಊರಿನ ಹೆಸರು ದೊಡ್ಡ ಅಕ್ಷರಗಳಲ್ಲಿ. ಲಾರಿ ಬಂದು, ಸಣ್ಣ ಹಳಿಗಳು ಕಿತ್ತುಹೋದ ಮೇಲೆ ಕಣಜಗಳನ್ನು ಕೆಡವಿದರು. ಹೆಸರು ಬರೆಯಲಿಕ್ಕೂ ಜಾಗವಿಲ್ಲದಂತಾಯಿತು. ಆಮೇಲೆ ಶಾಲೆ, ಆಮೇಲೆ ಅಂಗಡಿ. ಜನ ತೀರ ಕಡಿಮೆಯಾದಾಗ ಊರು ತನ್ನ ಆಡಳಿತವನ್ನು ತಾನೇ ಬಿಟ್ಟುಕೊಟ್ಟು ಸುತ್ತಲಿನ ಗ್ರಾಮೀಣ ಪಂಚಾಯತಿಯಲ್ಲಿ ಕರಗುತ್ತದೆ. ಮಗ್ಗುಲಿನ ಮ್ಯಾನಿಟೋಬಾ ಪ್ರಾಂತದಲ್ಲಂತೂ ಸಾವಿರಕ್ಕಿಂತ ಕಡಿಮೆ ಜನರಿದ್ದ ಸಂಸ್ಥೆಗಳು ನೆರೆಯವರೊಡನೆ ಸೇರಬೇಕೆಂದು ಸರಕಾರವೇ ಕಾಯದೆ ಮಾಡಿ, 2015ರಲ್ಲಿ 197 ಇದ್ದವು 137 ಆದವು. "ಸರ, ಇಲ್ಲಿ ಊರು ಸಾಯಬೇಕಂದ್ರ ಅದಕ್ಕೊಂದು ಠರಾವು ಅದ, ಒಂದು ಸಭಾ ಅದ, ಒಂದು ತಾರೀಖು ಅದ. ನಮ್ಮ ಕಡೆ ಹಂಗೇನೂ ಇಲ್ಲಲ್ರಿ" ಎಂದು ಅವನ ಪತ್ರ ಮುಗಿದಿತ್ತು.

ನಮ್ಮಲ್ಲಿ ಊರಿಗೆ ಊರೇ ಖಾಲಿಯಾಗುವುದಿಲ್ಲ, ನಿಜ. ಜನ ಅಷ್ಟಿದ್ದಾರೆ. ನಮ್ಮಲ್ಲಿ ಊರು ಮನೆಯ ಲೆಕ್ಕದಲ್ಲಿ ಖಾಲಿಯಾಗುತ್ತದೆ. ಒಂದು ಬಾಗಿಲಿಗೆ ಬೀಗ ಬೀಳುತ್ತದೆ. ಠರಾವು ಇಲ್ಲ, ತಾರೀಖು ಇಲ್ಲ. ಅಂಥ ಒಂದು ಬೀಗದ ಕೀಲಿ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು. ಹುಡುಗನಿಗೆ ಆ ಸಂಗತಿ ಗೊತ್ತಿರಲಿಲ್ಲ.

ಹುಕ್ಕೇರಿಯ ಹುಡುಗನಿಗೆ ಸಣ್ಣ ಊರಿನವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು ಸೋಜಿಗವೆನಿಸಬೇಕಾಗಿರಲಿಲ್ಲ. ಗೋಕಾಕ ಫಾಲ್ಸಿನಲ್ಲಿ ನೀರಿನ ಬಲದಿಂದ ವಿದ್ಯುತ್ತು ತೆಗೆದು ಹತ್ತಿಯ ಗಿರಣಿ ನಡೆಸಿದುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ. ಆದರೆ ಆ ಬೆಳಕು ಗಿರಣಿಯ ಅಂಗಳ ದಾಟಿ ಹಳ್ಳಿಗೆ ಬರಲು ಬಹಳ ಕಾಲ ಹಿಡಿಯಿತು. ನಮ್ಮ ಅಪ್ಪ ಮುಲ್ಕಿ ಪರೀಕ್ಷೆಗೆ ಓದಿದ್ದು ಕಂದೀಲಿನ ಬೆಳಕಿನಲ್ಲಿ. ಹುಕ್ಕೇರಿಯವರು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೊಂದನ್ನು ಕಟ್ಟಿದರು. ಅಮೆರಿಕದ ರೈತರು ತಾವೇ ಕೂಡಿ ತಂತಿ ಎಳೆದುಕೊಂಡ ಸಂಘಗಳ ಮಾದರಿಯಲ್ಲಿ, ಪ್ರಯೋಗವೆಂದು ದೇಶದಲ್ಲಿ ಮೊದಲು ಹುಟ್ಟಿದ ಐದು ಸಂಘಗಳಲ್ಲಿ ಅದೂ ಒಂದು. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘದ ಕೈಯಿಂದ 2011ರಲ್ಲಿ ಆ ಕೆಲಸ ಹೋಯಿತು. ಹುಕ್ಕೇರಿಯದು ಉಳಿಯಿತು, ಕರ್ನಾಟಕದಲ್ಲಿ ಅಂಥದು ಅದೊಂದೇ. ಸುತ್ತಲಿನ ತಾಲೂಕಿನವರು ಕರೆಂಟು ಹೋದರೆ ಹುಬ್ಬಳ್ಳಿಯ ಕಂಪನಿಯನ್ನು ಬೈಯುತ್ತಾರೆ; ಹುಕ್ಕೇರಿಯವರು ತಮ್ಮ ತಾಲೂಕಿನವರನ್ನೇ ಬೈಯುತ್ತಾರೆ. ಬೈಸಿಕೊಂಡವನು ಮರುದಿನ ಸಂತೆಯಲ್ಲಿ ಎದುರಾಗುತ್ತಾನೆ. ಸಣ್ಣ ಊರಿನ ಆಡಳಿತದ ಸುಖ ದುಃಖ ಎರಡೂ ಅದರಲ್ಲಿದೆ. ಮೂಡಲಗಿಯ ಜನ ತಾಲೂಕಿಗಾಗಿ ಹಟ ಹಿಡಿದುದೂ ಇದಕ್ಕಾಗಿಯೇ ಇರಬೇಕು. ಹಿಂದೆ ಒಂದು ಕಾಗದಕ್ಕೆ ಗೋಕಾಕದ ಮಾಮಲೇದಾರರ ಕಚೇರಿಗೆ ಹೋಗಬೇಕಾದರೆ ಅಪ್ಪ ರೊಟ್ಟಿಯ ಬುತ್ತಿ ಕಟ್ಟಿಸಿಕೊಂಡು ನಸುಕಿನಲ್ಲಿ ಹೊರಡುತ್ತಿದ್ದ. ಸಾಹೇಬರು ಸಿಗದಿದ್ದರೆ ಬುತ್ತಿಯನ್ನಷ್ಟು ತಿಂದು ಬರುತ್ತಿದ್ದ.

ಅಪ್ಪನ ಮಾತು ಬಂದಿತು. ಅವನೂ ಒಮ್ಮೆ ಆಡಳಿತ ಮಾಡಿದವನೇ. 1983ರ ಕಾಯದೆಯ ಪ್ರಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದು, 1987ರ ಜನವರಿಯಲ್ಲಿ ಅವಕ್ಕೆ ಚುನಾವಣೆಯಾದಾಗ ನನಗೆ ಏಳು ವರುಷ. ಕೊಳವೆಬಾವಿ ಹಾಕಿಸಿ ಹಾಕಿಸಿ 'ನೀರು ಸಾಬ' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದ ಕಾಲ ಅದು. ಹಲವು ಹಳ್ಳಿಗಳು ಕೂಡಿ ಒಂದು ಮಂಡಲ. ಸದಸ್ಯರಲ್ಲಿ ಕಾಲು ಭಾಗ ಹೆಂಗಸರು. ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಿನಿಂದ ಹಿಡಿದು ಕುರ್ಚಿಯ ತುದಿಯಲ್ಲಿ ಕೂಡುತ್ತಿದ್ದ ನಮ್ಮೂರ ಇಬ್ಬರು ಹೆಣ್ಣುಮಕ್ಕಳನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಅಪ್ಪ ಆರಿಸಿಬಂದಿದ್ದ. ನಾಲ್ಕು ಎಕರೆ ಹೊಲದವನು. ಮುಲ್ಕಿ ಪಾಸಾದ ಹೆಮ್ಮೆಯವನು. ಲೆಕ್ಕವೆಂದರೆ ಲೆಕ್ಕ ಎನ್ನುವವನು.

ಅವನು ಮಾಡಿದ ಮೊದಲ ಕೆಲಸ ಊರಿಗೆ ಮೆಚ್ಚುಗೆಯಾಗಲಿಲ್ಲ. ಬೋರಿಂಗು ಕೆಟ್ಟರೆ ರಿಪೇರಿಗೆ ರೊಕ್ಕವಿಲ್ಲ, ಬೀದಿಯ ದೀಪಕ್ಕೆ ರೊಕ್ಕವಿಲ್ಲ, ಯಾಕೆಂದರೆ ಘರಪಟ್ಟಿಯನ್ನು ಯಾರೂ ಕೊಡುವುದಿಲ್ಲ. ಆದುದರಿಂದ ಬಾಕಿ ಉಳಿಸಿಕೊಂಡವರ ಹೆಸರು ಬರೆದು ಚಾವಡಿಯ ಗೋಡೆಗೆ ಹಚ್ಚಬೇಕೆಂದು ಹಟ ಹಿಡಿದ. ತನ್ನ ಮುದ್ದಾದ ಅಕ್ಷರದಲ್ಲಿ ತಾನೇ ಬರೆದ. ಅದರಲ್ಲಿ ಪಕ್ಕದ ಮನೆಯ ಕಾಕಾನ ಹೆಸರೂ ಇತ್ತು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಆ ವರುಷ ಕಾಕಾನ ಜೋಡೆತ್ತಿನಲ್ಲಿ ಒಂದು ಸತ್ತಿತ್ತು. ಮಗಳ ಮದುವೆಯ ಸಾಲ ತಲೆಯ ಮೇಲಿತ್ತು. ಬಾಕಿ ಎಷ್ಟು? ಇಂದಿನ ಲೆಕ್ಕದಲ್ಲಿ ಒಂದು ಚಹಾದ ಕಿಮ್ಮತ್ತು. "ಅವನ ಹೆಸರೊಂದು ಬಿಟ್ಟಬಿಡ್ರಿ" ಎಂದು ಅವ್ವ ಬೇಡಿಕೊಂಡಳು. "ಬಾಜೂಕಿನವನ ಹೆಸರು ಬಿಟ್ರ ಉಳದವರ ಹೆಸರು ಯಾವ ಬಾಯಿಲೆ ಬರೀಲಿ?" ಎಂದ ಅಪ್ಪ. ಕಾಕಾ ಮರುದಿನವೇ ಎಲ್ಲಿಂದಲೋ ತಂದು ರೊಕ್ಕ ಕಟ್ಟಿದರು. ಆಮೇಲೆ ಹನ್ನೊಂದು ವರುಷ ಅಪ್ಪನೊಡನೆ ಮಾತಾಡಲಿಲ್ಲ. ಹೆಂಗಸರು ಹಿಟ್ಟು ಕಾರ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ನಾವು ಮಕ್ಕಳು ಎರಡೂ ಮನೆಯಲ್ಲಿ ಉಣ್ಣುತ್ತಿದ್ದೆವು. ಗಂಡಸರಿಬ್ಬರು ಒಂದೇ ಗೋಡೆಯ ಎರಡು ಬದಿಗೆ ಕೆಮ್ಮುತ್ತಿದ್ದರು. ಅಪ್ಪ ಸತ್ತ ದಿನ ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವರು ಕಾಕಾ. ಅಂದೂ ಅವರೇನೂ ಮಾತಾಡಲಿಲ್ಲ.

ಮಂಡಲ ಪಂಚಾಯತಿಗಳು ಬಹುಕಾಲ ಬಾಳಲಿಲ್ಲ. ಸಂವಿಧಾನದ 73ನೆಯ ತಿದ್ದುಪಡಿಯಾದ ಮೇಲೆ 1993ರ ಕಾಯದೆ ಬಂದು ಗ್ರಾಮ ಪಂಚಾಯತಿಗಳಾದವು. ನಾನು ಕಾಲೇಜು ಸೇರಿ, ಎಂ.ಎ. ಮಾಡಿ, ಊರಿನಿಂದ ಎದ್ದೆ. ನವೆಂಬರ ಒಂದರಂದು, ಆಗಸ್ಟ ಹದಿನೈದರಂದು, ಕರೆದಲ್ಲಿ ಹೋಗಿ ಹಳ್ಳಿಯೇ ನಾಡಿನ ಬೇರು ಎಂದು ಭಾಷಣ ಮಾಡಿದೆ. ನಮ್ಮೂರ ಗ್ರಾಮಸಭೆಗೆ ಒಂದು ದಿನವೂ ಹೋದವನಲ್ಲ. ವರುಷಕ್ಕೆ ಎರಡು ಸಲವಾದರೂ ಅದು ಸೇರಬೇಕೆಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಅಷ್ಟೆ.

2019ರ ಆಗಸ್ಟ ತಿಂಗಳನ್ನು ಘಟಪ್ರಭೆಯ ದಂಡೆಯವರು ಮರೆಯುವಂತಿಲ್ಲ. ಮೇಲೆ ಹಿಡಕಲ್ಲ ಜಲಾಶಯ ತುಂಬಿ ಬಿಟ್ಟ ನೀರು, ಜೊತೆಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ಮಹಾಪೂರ. ಗೋಕಾಕದ ತಗ್ಗಿನ ಓಣಿಗಳೆಲ್ಲ ಮುಳುಗಿದವು. ಲೋಳಸೂರ ಸೇತುವೆ ನೀರಿನೊಳಗೆ ಹೋಯಿತು. ನಮ್ಮ ಮನೆ ಎತ್ತರದಲ್ಲಿದ್ದುದರಿಂದ ಉಳಿಯಿತು. ಊರಲ್ಲಿ ಅವ್ವ ಒಬ್ಬಳೇ. ಅವಳ ಫೋನು ಮೊದಲ ದಿನವೇ ನಿಂತುಹೋಯಿತು. ನಾನು ನಾಲ್ಕು ದಿನ ಸೇತುವೆಯ ಈಚೆ ಬದಿಗೆ ಹೋಗಿ ನಿಂತು, ಕೆಂಪು ನೀರಲ್ಲಿ ತೇಲಿಹೋಗುವ ಹುಲ್ಲಿನ ಬಣವೆಗಳನ್ನು ನೋಡಿ ತಿರುಗಿ ಬಂದೆ. ಸಹಾಯವಾಣಿಗೆ ಫೋನು ಮಾಡಿದೆ. ಪರಿಚಯದ ಸಾಹೇಬರಿಗೆ ಹೇಳಿಸಿದೆ. ಎಲ್ಲರೂ ಊರಿನ ಹೆಸರು ಬರೆದುಕೊಂಡರು; ಯಾವ ತಾಲೂಕೆಂದು ಕೇಳಿದರು.

ಐದನೆಯ ದಿನ ಸುತ್ತುಬಳಸಿ ಊರು ಮುಟ್ಟಿದೆ. ಅವ್ವ ದಿಬ್ಬದ ಶಾಲೆಯಲ್ಲಿ, ನೂರಾರು ಜನರ ನಡುವೆ, ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಡೆದುದನ್ನು ಅವಳೇ ಹೇಳಿದಳು. ನಡುರಾತ್ರಿ ನೀರು ಅಂಗಳಕ್ಕೆ ಬಂದಾಗ ಪಂಚಾಯತಿಯ ನೀರಗಂಟಿ ಓಣಿಯುದ್ದಕ್ಕೂ ಡಬ್ಬಿ ಬಡಿಯುತ್ತ ಓಡಿದನಂತೆ. ಕಾಕಾನ ಮಗ ಟ್ರ್ಯಾಕ್ಟರು ತಂದು ಮುದುಕರನ್ನು, ಮಕ್ಕಳನ್ನು ಹೇರಿದನಂತೆ. ಶಾಲೆಗೆ ಬಂದ ಮೇಲೆ ಯಾರು ಬಂದರು, ಯಾರು ಉಳಿದರು ತಿಳಿಯುವುದು ಹೇಗೆ? ವಾರ್ಡಿನ ಸದಸ್ಯೆ, ಗಾಬರಿಯಲ್ಲಿ ತನ್ನ ಮನೆಯ ಸಾಮಾನು ಬಿಟ್ಟು, ಪಂಚಾಯತಿಯ ಘರಪಟ್ಟಿಯ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದಳಂತೆ. ಕಂದೀಲು ಹಿಡಿದು ಮನೆಯ ನಂಬರಿನ ಪ್ರಕಾರ ಒಂದೊಂದೇ ಹೆಸರು ಕೂಗಿದಳು. ಹೂಂ ಎಂದವರಿಗೆ ಗುರುತು 'ಸರಿ'; ಉತ್ತರ ಬಾರದ ಮನೆಗೆ ಟ್ರ್ಯಾಕ್ಟರು ತಿರುಗಿ ಹೋಗುತ್ತಿತ್ತು.

ಪುಸ್ತಕದಲ್ಲಿ ನಮ್ಮ ಮನೆ ಇನ್ನೂ ಅಪ್ಪನ ಹೆಸರಿನಲ್ಲಿತ್ತು. ಸತ್ತು ಇಪ್ಪತ್ತೊಂದು ವರುಷವಾದವನ ಹೆಸರನ್ನು ಸದಸ್ಯೆ ಆ ಮಳೆಯಲ್ಲಿ ಗಟ್ಟಿಯಾಗಿ ಕೂಗಿದಳು. "ನಾ ಏನ ಹೇಳಲೆಪಾ, ಅದೀವಿ ಅಂದೆ" ಎಂದಳು ಅವ್ವ. ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಪಂಚಾಯತಿಯ ಪುಸ್ತಕದಲ್ಲಿ ಹೆಸರು ಬದಲಿಸದೆ ಇಟ್ಟವನು ನಾನು. ಆ ಆಲಸ್ಯದಿಂದ ಅಪ್ಪ ಒಂದು ರಾತ್ರಿಯ ಮಟ್ಟಿಗೆ ಬದುಕಿದ, ಅಷ್ಟೆ ಅಲ್ಲ, ಹೆಂಡತಿಯನ್ನು ನೀರಿನಿಂದ ಎಣಿಸಿ ಕರೆದುಕೊಂಡ. ನಾನು ಸೇತುವೆಯ ಈಚೆಗೆ ನಿಂತಿದ್ದೆ.

ಇಂಥ ಮಾತುಗಳನ್ನು ಮನುಷ್ಯ ಎರಡು ವರುಷ ನೆನಪಿಟ್ಟುಕೊಳ್ಳುತ್ತಾನೆ. ಆಮೇಲೆ ಮಾಳಿಗೆ ಸೋರುವುದು, ಸಾಲದ ಕಂತು, ಇವೇ ಮುಂದಕ್ಕೆ ಬರುತ್ತವೆ. ನಾನು ಅರ್ಜಿ ಬರೆದುಕೊಂಡು ಪಂಚಾಯತಿಗೆ ಹೋದೆ.

ಕಚೇರಿ ಹೊಸದಾಗಿತ್ತು. ಗಾಂಧೀಜಿಯವರ ಪಟ, ಕಂಪ್ಯೂಟರು, ಗೋಡೆಗೆ ಆಯವ್ಯಯದ ಫಲಕ. ಎಲ್ಲವೂ ಇತ್ತು. ಕರ ವಸೂಲಿಯ ಹುಡುಗ ನನ್ನನ್ನು ಗುರುತಿಸಿ, "ಬರ್ರಿ ಸರ, ಕುಂದರ್ರಿ" ಎಂದು ಕುರ್ಚಿ ಕೊಟ್ಟ. ಅವ್ವ ಹೋದಂದಿನಿಂದ ಘರಪಟ್ಟಿ, ನೀರಿನ ಪಟ್ಟಿ ಎಲ್ಲ ಬಾಕಿ ಇದೆ, ದಂಡ ಸಹಿತ ಎಷ್ಟಾಗುತ್ತದೆಂದು ಕೇಳಿದೆ. ಅವನು ತೆರೆಯನ್ನು ನೋಡಿದ, ಪುಸ್ತಕವನ್ನು ತೆಗೆದು ನೋಡಿದ. "ನಿಮ್ಮದು ಬಾಕಿ ಏನೂ ಇಲ್ರಿ ಸರ. ವರ್ಷಾ ಜಮಾ ಆಗೈತಿ." ನಾನು ಕಟ್ಟಿಲ್ಲವಲ್ಲ ಎಂದೆ. "ನಿಮ್ಮ ಬಾಜೂಕಿನ ಅಜ್ಜಾರು ಕಟ್ಟತಾರ್ರಿ. ತಮ್ಮದ ಕಟ್ಟೂ ಮುಂದ ನಿಮ್ಮದೂ ಕಟ್ಟಿ ಪಾವತಿ ಒಯ್ತಾರ."

ಕಾಕಾ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಎಂಬತ್ತು ದಾಟಿದ ಕೈ. ಒಳಗಿನಿಂದ ಒಂದು ಸಕ್ಕರೆಯ ಚೀಲ ತರಿಸಿದರು; ಅದರೊಳಗೆ ದಾರ ಕಟ್ಟಿದ ಪಾವತಿಗಳು. ಎಲ್ಲದರ ಮೇಲೂ ಅಪ್ಪನ ಹೆಸರು.

"ಕಾಕಾ, ನೀವ್ಯಾಕ ತುಂಬಿದ್ರಿ? ನನಗೊಂದು ಫೋನ ಹಚ್ಚಿದ್ರ ಆಗ್ತಿರಲಿಲ್ಲೇನು?"

"ಏನ ದೊಡ್ಡ ರೊಕ್ಕಪಾ ಅದು." ಹಗ್ಗದಿಂದ ಕಣ್ಣೆತ್ತಲಿಲ್ಲ. "ಮಾರ್ಚದಾಗ ಬಾಕಿದಾರರ ಹೆಸರು ಗ್ವಾಡಿಗೆ ಹಚ್ಚತಾರ, ಈಗೂ. ನಿಮ್ಮಪ್ಪನ ಹೆಸರು ಆ ಗ್ವಾಡಿ ಮ್ಯಾಲ ಬರಬಾರದು."

ನಾನು ಸುಮ್ಮನಿದ್ದೆ. ಅವರೇ ತುಸು ಹೊತ್ತಿನ ಮೇಲೆ ಮುಂದುವರಿಸಿದರು: "ನನ್ನ ಹೆಸರು ಒಮ್ಮಿ ಬಂದಿತ್ತಲ್ಲ. ಹೆಂಗ ಆಕ್ಕೈತಿ ಅನ್ನೂದು ನನಗ ಗೊತ್ತೈತಿ. ಆಂವ ಬರದದ್ದು ಖರೇನ ಇತ್ತು ಬಿಡು. ಆ ರೊಕ್ಕದಾಗನ ಬೋರಿಂಗ ರಿಪೇರಿ ಆತು."

ಪಾವತಿಗಳ ಮೊತ್ತ ಕೂಡಿಸಿ ನಾನು ನೋಟು ಮುಂದಿಟ್ಟೆ. ಬೇಡವೆನ್ನುತ್ತಾರೆಂದು ಎಣಿಸಿದ್ದೆ, ಅವರು ಬೇಡವೆನ್ನಲಿಲ್ಲ. ಎರಡು ಸಲ ಎಣಿಸಿ, ಒಳಗೆ ಹೋಗಿ ಏಳು ರೂಪಾಯಿ ಚಿಲ್ಲರೆ ತಂದು ನನ್ನ ಕೈಯಲ್ಲಿಟ್ಟರು. ಆಮೇಲೆ, "ಮನಿ ಮಾರತೀ ಅಂತಲ್ಲ" ಎಂದರು. ಸಣ್ಣ ಊರಿನಲ್ಲಿ ಯಾವ ಮಾತೂ ಕಾಲುನಡಿಗೆಯಲ್ಲಿ ಬರುವುದಿಲ್ಲ. ಹೌದೆಂದೆ. "ಮಾರಪಾ, ನಿನ್ನ ಮನಿ. ಬ್ಯಾಡ ಅನ್ನಾಕ ನಾ ಯಾರ? ಆದ್ರ ಬರೂ ವಾರ ಗ್ರಾಮಸಭಾ ಐತಿ. ಒಮ್ಮಿ ಬಂದು ಕುಂದ್ರು. ನಮ್ಮ ಓಣಿ ಗಟಾರದ್ದು ಬರಿಯಾಕ ಬರವ್ರು ಯಾರೂ ಇಲ್ಲ."

ನಾನು ಹೋದೆ. ಗುಡಿಯ ಮುಂದಿನ ಪೆಂಡಾಲಿನಲ್ಲಿ ಐವತ್ತು ಅರವತ್ತು ಜನ ಇದ್ದಿರಬೇಕು. ಅದು ನನ್ನ ಪುಸ್ತಕದ ಗ್ರಾಮಸಭೆಯಂತಿರಲಿಲ್ಲ. ಅರ್ಧ ಜನ ಮನೆ ಮಂಜೂರಿಯ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ಕೇಳಲು ಬಂದವರು. ಇಬ್ಬರು ಯುವಕರು ಜಗಳ ತೆಗೆದರು. ಅಧ್ಯಕ್ಷೆಯ ಬದಲು ಅವರ ಗಂಡನೇ ನಾಲ್ಕು ಸಲ ಉತ್ತರ ಕೊಟ್ಟ. ಐದನೆಯ ಸಲ ಹಿಂದಿನಿಂದ ಒಬ್ಬ ಮುದುಕಿ, "ಯವ್ವಾ, ನೀನ ಹೇಳ" ಎಂದು ಕೂಗಿದ ಮೇಲೆ ಅಧ್ಯಕ್ಷೆ ತಾವೇ ಎದ್ದು ನಿಂತರು. ನಾನು ಗಟಾರದ ಅರ್ಜಿಯನ್ನು ಬರೆದೆ. ಕಾಕಾ ಅದರ ಮೇಲೆ ಹೆಬ್ಬೆಟ್ಟು ಒತ್ತಿದರು. ಓಣಿಯವರು ಸಹಿ ಮಾಡಿದರು. ಅರ್ಜಿಗೆ ಒಂದು ನಂಬರು ಬಿದ್ದಿತು. ಗಟಾರಾಗುವುದೋ ಇಲ್ಲವೋ, ಆಗದಿದ್ದರೆ ಯಾರ ಮನೆಯ ಬಾಗಿಲು ಬಡಿಯಬೇಕೆಂಬುದು ಮಾತ್ರ ಓಣಿಯವರಿಗೆಲ್ಲ ಗೊತ್ತಿದೆ.

ಬಾಗಿಲಲ್ಲಿ ಹಾಜರಿಯ ಪುಸ್ತಕವಿತ್ತು. ಹೆಸರು, ಮನೆಯ ನಂಬರು, ಸಹಿ ಎಂದು ಮೂರು ಕಾಲಮ್ಮು. ಹೆಸರು ಬರೆದೆ, ಮುಂದೆ ಪೆನ್ನು ನಿಂತಿತು. ಹುಟ್ಟಿ ಬೆಳೆದ ಮನೆಯ ನಂಬರು ನನಗೆ ಗೊತ್ತಿರಲಿಲ್ಲ. ಹಿಂದೆ ನಿಂತಿದ್ದ ಕಾಕಾ ಹೇಳಿಕೊಟ್ಟರು. ಓದು ಬಾರದ ಅವರು ನಾಲ್ಕು ವರುಷ ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಕೊಳ್ಳಲು ಬಂದವರಿಗೆ ಯುಗಾದಿಯ ಮುಂದೆ ನೋಡೋಣವೆಂದು ಹೇಳಿದ್ದೇನೆ. ಮಾಳಿಗೆಗೆ ಸದ್ಯಕ್ಕೆ ತಗಡು ಹೊದಿಸಿದ್ದಾಗಿದೆ. ಹೆಂಡತಿ ಖರ್ಚಿನ ಲೆಕ್ಕ ಬರೆದು ನನ್ನ ಮೇಜಿನ ಮೇಲಿಟ್ಟಿದ್ದಾಳೆ, ಮಾತಾಡಿಲ್ಲ. ಈ ವರುಷದ ಘರಪಟ್ಟಿಯನ್ನು ನಾನೇ ಹೋಗಿ ಕಟ್ಟಿ ಬಂದೆ. ಪಾವತಿ ಹರಿಯುವ ಮುಂದೆ ಕರ ವಸೂಲಿಯ ಹುಡುಗ, "ಸರ, ಅವತ್ತು ಹೆಸರು ಬದಲಿ ಅರ್ಜಿ ತಂದಿದ್ರಿ. ಕೊಡತೀರೇನು?" ಎಂದು ನೆನಪಿಸಿದ. ಅರ್ಜಿ ಚೀಲದಲ್ಲಿಯೇ ಇತ್ತು. ಇರಲಿ, ಈ ವರುಷ ಅಪ್ಪನ ಹೆಸರಿನಲ್ಲೇ ಹರಿ ಎಂದೆ.